ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್: ಕೊಡಗಿನ ಏರಿಳಿತಗಳಲ್ಲಿ ದೀರ್ಘಕಾಲದ ಬಳಕೆಯ ವಿಮರ್ಶೆ

ಇದು ಒಂದು ಕಾರಿನ ವಿಮರ್ಶೆ ಎನ್ನುವುದಕ್ಕಿಂತ ಅದರ ಬಾನೆಟ್ಟಿನ ಕೆಳಗಿರುವ ಎಂಜಿನ್ನಿನ ವಿಮರ್ಶೆ. 1,197 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಐದು ಗೇರಿನ ಮ್ಯಾನುವಲ್. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಆಗಲಿ ಸೂಪರ್‌ಚಾರ್ಜರ್ ಆಗಲಿ ಇಲ್ಲ. ಇದೇ ಅಳತೆಯ ಎಂಜಿನ್ನನ್ನು ನಮ್ಮ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾರಿವೆ. ಹೆಸರು ಬರೆದ ಕೂಡಲೇ ಓದುವವರ ಗಮನ ಶೋರೂಮಿನ ನಡವಳಿಕೆ ಮತ್ತು ಬಿಡಿಭಾಗಗಳ ಬೆಲೆಯತ್ತ ಹೊರಳುವುದರಿಂದ ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮ ಮನೆ ಮಡಿಕೇರಿಯಲ್ಲಿದೆ, ತೋಟ ನಾಪೋಕ್ಲು ಕಡೆಗಿದೆ; ಆಸ್ಪತ್ರೆ ಮತ್ತು ಮಕ್ಕಳ ಕಾಲೇಜಿನ ಕೆಲಸಗಳಿಗೆ ಮಂಗಳೂರಿಗೆ ಇಳಿಯಬೇಕಾಗುತ್ತದೆ. ಹೀಗೆ ಓಡಾಡಿ ಓಡೋಮೀಟರ್ ಒಂದು ಲಕ್ಷ ಕಿಲೋಮೀಟರಿನ ಹತ್ತಿರಕ್ಕೆ ಬಂದಿದೆ.

ಈ ಎಂಜಿನ್ನಿನ ಸ್ವಭಾವವನ್ನು ತಿಳಿಯಬೇಕಾದರೆ ಅದಕ್ಕೆ ಗಾಳಿ ಹೇಗೆ ಸಿಗುತ್ತದೆ ಎಂಬುದರಿಂದಲೇ ಆರಂಭಿಸಬೇಕು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನೊಳಗೆ ಒತ್ತಡ ಕುಸಿಯುತ್ತದೆ. ಇನ್‌ಟೇಕ್ ವಾಲ್ವ್ ತೆರೆದಿರುವುದರಿಂದ ಹೊರಗಿನ ವಾಯುಮಂಡಲ ತನ್ನ ಒತ್ತಡದಿಂದಲೇ ಗಾಳಿಯನ್ನು ಏರ್ ಫಿಲ್ಟರ್, ಥ್ರಾಟಲ್ (ಎಕ್ಸಲರೇಟರ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲು), ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಮೂಲಕ ಒಳಕ್ಕೆ ನೂಕುತ್ತದೆ. ನೂಕುವ ಬಲ ಇರುವುದು ವಾಯುಮಂಡಲದಲ್ಲಿ ಮಾತ್ರ, ಅದನ್ನು ಹೆಚ್ಚಿಸುವ ಯಾವ ಪಂಪೂ ನಡುವೆ ಇಲ್ಲ. ಸಮುದ್ರಮಟ್ಟದಲ್ಲಿ ಈ ಒತ್ತಡ ಸುಮಾರು 1,013 ಹೆಕ್ಟೊಪ್ಯಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅದು 880ರ ಆಸುಪಾಸಿಗೆ ಇಳಿಯುತ್ತದೆ. ಒತ್ತಡದಲ್ಲಿ ಹದಿಮೂರು ಶೇಕಡಾ ನಷ್ಟವಾದರೂ ಮೇಲಿನ ತಂಪು ಗಾಳಿಯನ್ನು ತುಸು ದಟ್ಟವಾಗಿ ಇಡುವುದರಿಂದ, ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿಯ ಸಾಂದ್ರತೆ ಸುಮಾರು ಹತ್ತು ಶೇಕಡಾ ಕಡಿಮೆ ಎಂದು ಲೆಕ್ಕ ಹಾಕಬಹುದು. ಎಂಜಿನ್ನಿನ ಪೂರ್ಣ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗಿರುವ ಅಶ್ವಶಕ್ತಿ ನಮ್ಮ ಊರಿನಲ್ಲಿ ಯಾರಿಗೂ ಸಿಗುವುದಿಲ್ಲ ಎಂಬುದನ್ನು ಖರೀದಿಸುವ ಮೊದಲೇ ತಿಳಿದಿರುವುದು ಒಳ್ಳೆಯದು.

ಸಂಪಾಜೆಯಿಂದ ಕೊಯಿನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಹತ್ತುವ ರಸ್ತೆಯಲ್ಲಿ ಈ ಲೆಕ್ಕ ಕಾಲಿಗೇ ಗೊತ್ತಾಗುತ್ತದೆ. ಕೆಳಗಿನ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುವ ಕಾರು, ಅದೇ ಬಗೆಯ ಏರಿನಲ್ಲಿ ಜೋಡುಪಾಲ ದಾಟಿದ ಮೇಲೆ ಎರಡನೇ ಗೇರನ್ನು ಕೇಳುತ್ತದೆ. ನನ್ನ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 110 ನ್ಯೂಟನ್ ಮೀಟರಿಗಿಂತ ತುಸು ಮೇಲಿದ್ದು, ಅದು ಬರುವುದು 4,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತುಗಳು) ದಾಟಿದ ಮೇಲೆ. ಡೀಸೆಲ್ ಓಡಿಸಿ ರೂಢಿಯಾದವರು 1,800ಕ್ಕೇ ಮೇಲಿನ ಗೇರಿಗೆ ಹಾಕಿ, ಎಕ್ಸಲರೇಟರನ್ನು ತಳಕ್ಕೆ ಒತ್ತಿ, ಗಾಡಿಗೆ ಪಿಕಪ್ ಇಲ್ಲವೆಂದು ದೂರುತ್ತಾರೆ. ಥ್ರಾಟಲ್ ಪೂರ್ತಿ ತೆರೆದ ಮೇಲೆ ಒಂದು ಸುತ್ತಿಗೆ ಒಳಬರುವ ಗಾಳಿಗೆ ಒಂದು ಮಿತಿ ಇದೆ. ನಿಮಿಷಕ್ಕೆ ಹೆಚ್ಚು ಗಾಳಿ ಬೇಕೆಂದರೆ ಸುತ್ತುಗಳನ್ನು ಹೆಚ್ಚಿಸುವುದೊಂದೇ ದಾರಿ. 4,000 ಆರ್‌ಪಿಎಂನಲ್ಲಿ ಈ ಪುಟ್ಟ ಎಂಜಿನ್ ನಿಮಿಷಕ್ಕೆ ಸುಮಾರು 2,000 ಲೀಟರ್ ಗಾಳಿಯನ್ನು ನುಂಗುತ್ತದೆ, 2,000ದಲ್ಲಿ ಅದರ ಅರ್ಧವನ್ನಷ್ಟೇ. ಆದ್ದರಿಂದ ಘಾಟಿಯಲ್ಲಿ ಎರಡನೇ ಗೇರು, 3,500ರಿಂದ 4,500ರ ನಡುವೆ ಮುಳ್ಳು, ಕಿವಿಗೆ ಒಂದಿಷ್ಟು ಸದ್ದು: ಇದು ಎಂಜಿನ್ನಿಗೆ ಹಿಂಸೆಯಲ್ಲ, ಅದನ್ನು ರೂಪಿಸಿರುವ ರೀತಿಯೇ ಹಾಗೆ.

ಹಾಗಾದರೆ 4,000ದ ಮೇಲೆಯೇ ಏಕೆ? ಮ್ಯಾನಿಫೋಲ್ಡಿನಿಂದ ಒಂದೊಂದು ಸಿಲಿಂಡರಿಗೂ ಹೋಗುವ ಕೊಳವೆಯ ಉದ್ದ, ವಾಲ್ವ್ ಮುಚ್ಚುವ ಗಳಿಗೆ, ಇವೆರಡರಲ್ಲಿ ಉತ್ತರವಿದೆ. ಇನ್‌ಟೇಕ್ ವಾಲ್ವ್ ಪಿಸ್ಟನ್ ತಳ ಮುಟ್ಟಿದ ಕೂಡಲೇ ಮುಚ್ಚುವುದಿಲ್ಲ. ಪಿಸ್ಟನ್ ಮತ್ತೆ ಮೇಲೇರಲು ಆರಂಭಿಸಿ ಕ್ರ್ಯಾಂಕ್ ಹಲವಾರು ಡಿಗ್ರಿ ತಿರುಗಿದ ಮೇಲೆ ಮುಚ್ಚುತ್ತದೆ. ವೇಗವಾಗಿ ಬರುತ್ತಿರುವ ಗಾಳಿಗೆ ತೂಕವಿದೆ, ಓಟವಿದೆ. ಜಾತ್ರೆಯ ದಿನ ದೇವಸ್ಥಾನದ ಬಾಗಿಲಲ್ಲಿ ಮುಂದಿನವರು ನಿಂತರೂ ಹಿಂದಿನವರ ನೂಕಿಗೆ ಇನ್ನಷ್ಟು ಜನ ಒಳಸೇರುವಂತೆ, ಆ ಕೊನೆಯ ಕ್ಷಣದಲ್ಲಿ ಇನ್ನೊಂದಿಷ್ಟು ಗಾಳಿ ಸಿಲಿಂಡರಿನಲ್ಲಿ ತುಂಬಿಕೊಳ್ಳುತ್ತದೆ. ಇದರ ಜೊತೆಗೆ, ವಾಲ್ವ್ ತೆರೆದಾಗ ಹುಟ್ಟುವ ಒತ್ತಡದ ಅಲೆ ಶಬ್ದದ ವೇಗದಲ್ಲಿ ಕೊಳವೆಯ ತುದಿಗೆ ಹೋಗಿ ಪ್ರತಿಫಲಿಸಿ ಹಿಂದಿರುಗುತ್ತದೆ. 4,000 ಆರ್‌ಪಿಎಂನಲ್ಲಿ ಒಂದು ಇನ್‌ಟೇಕ್ ಸ್ಟ್ರೋಕಿಗೆ ಇರುವುದು ಸುಮಾರು 7.5 ಮಿಲಿಸೆಕೆಂಡ್, ಅಲೆ ಸರಿಯಾಗಿ ವಾಲ್ವ್ ಮುಚ್ಚುವ ಹೊತ್ತಿಗೆ ಬಂದು ತಲುಪಿದರೆ ಲಾಭ, ತಪ್ಪಿದರೆ ನಷ್ಟ. ಉದ್ದನೆಯ ಕೊಳವೆ ಕಡಿಮೆ ಸುತ್ತುಗಳಿಗೆ ಒಗ್ಗುತ್ತದೆ, ಗಿಡ್ಡ ಕೊಳವೆ ಹೆಚ್ಚು ಸುತ್ತುಗಳಿಗೆ. ದುಬಾರಿ ಎಂಜಿನ್‌ಗಳಲ್ಲಿ ಈ ಉದ್ದವನ್ನೇ ಓಟದಲ್ಲಿ ಬದಲಿಸುವ ಮ್ಯಾನಿಫೋಲ್ಡ್ ಇರುತ್ತದೆ. ಚೆನ್ನಾಗಿ ಹೊಂದಿಸಿದ ಎಂಜಿನ್ ಸುತ್ತುಗಳ ಒಂದು ವ್ಯಾಪ್ತಿಯಲ್ಲಿ ತನ್ನ ಸಿಲಿಂಡರಿನ ಅಳತೆಗಿಂತಲೂ ಹೆಚ್ಚು ಗಾಳಿಯನ್ನು, ಯಾವ ಪಂಪಿನ ನೆರವೂ ಇಲ್ಲದೆ, ತುಂಬಿಕೊಳ್ಳಬಲ್ಲದು. ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ವಿಟೆಕ್ ತಂತ್ರವನ್ನು ತಂದಾಗ ಅದರ 1.6 ಲೀಟರ್ ಎಂಜಿನ್ 160 ಅಶ್ವಶಕ್ತಿ ಕೊಟ್ಟಿತು. ಕಡಿಮೆ ಸುತ್ತಿಗೊಂದು, ಹೆಚ್ಚು ಸುತ್ತಿಗೊಂದು ಕ್ಯಾಮ್ (ವಾಲ್ವನ್ನು ಒತ್ತಿ ತೆರೆಯುವ ಉಬ್ಬು) ಆಕಾರವನ್ನು ಬಳಸಿದ್ದೇ ಅದರ ಗುಟ್ಟು. ನನ್ನ ಕಾರಿನಲ್ಲಿರುವುದು ಅಷ್ಟು ದೊಡ್ಡ ಏರ್ಪಾಡಲ್ಲ. ಇನ್‌ಟೇಕ್ ಕ್ಯಾಮನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸುವ ವಿವಿಟಿ ಇದೆ, 2,500ರ ಕೆಳಗಿನ ಬಡತನವನ್ನು ಅದು ಕೊಂಚ ಮುಚ್ಚುತ್ತದೆ, ನೀಗಿಸುವುದಿಲ್ಲ.

ನನ್ನ ಭಾವನವರ ಬಳಿ ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರಿದೆ, ಅದನ್ನೂ ಇದೇ ರಸ್ತೆಗಳಲ್ಲಿ ಸಾಕಷ್ಟು ಓಡಿಸಿದ್ದೇನೆ. ಏರಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಅದರ 170ರ ಸುಮಾರಿನ ಟಾರ್ಕ್ 2,000 ಆರ್‌ಪಿಎಂ ಮುಟ್ಟುವ ಮೊದಲೇ ಸಿಗುತ್ತದೆ. ಎತ್ತರ ಹೆಚ್ಚಿದಂತೆ ಟರ್ಬೊದಲ್ಲಿ ಗಾಳಿಯನ್ನು ಅದುಮುವ ಕಂಪ್ರೆಸರ್ ಇನ್ನಷ್ಟು ವೇಗವಾಗಿ ತಿರುಗಿ ತೆಳುವಾದ ಗಾಳಿಯ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವುದರಿಂದ, ಮಡಿಕೇರಿಯೂ ಮಂಗಳೂರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಐವರು ಕುಳಿತು, ಎಸಿ ಹಾಕಿ, ಡಿಕ್ಕಿಯಲ್ಲಿ ಸಾಮಾನು ತುಂಬಿ ಘಾಟಿ ಹತ್ತುವುದೇ ನಿಮ್ಮ ದಿನನಿತ್ಯದ ಕೆಲಸವಾಗಿದ್ದರೆ ಟರ್ಬೊವನ್ನೇ ಕೊಳ್ಳಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಂಥ ದಿನಗಳಲ್ಲಿ ನನ್ನ ಕಾರಿನ ಎಸಿಯನ್ನು ಮದೆನಾಡಿನ ತಿರುವುಗಳಲ್ಲಿ ಆರಿಸಿದ್ದುಂಟು, ಹಿಂದೆ ಬಂದ ಬಸ್ಸಿಗೆ ದಾರಿ ಬಿಟ್ಟದ್ದೂ ಉಂಟು.

ಆದರೂ ನಮ್ಮ ಒಳರಸ್ತೆಗಳಲ್ಲಿ, ಅಂದರೆ ಕಕ್ಕಬ್ಬೆ, ಚೇರಂಬಾಣೆ ಕಡೆಯ ಕಿರಿದಾದ ಡಾಂಬರಿನಲ್ಲಿ ಮತ್ತು ತೋಟದೊಳಗಿನ ಮಣ್ಣಿನ ದಾರಿಯಲ್ಲಿ, ನಾನು ನನ್ನ ಎಂಜಿನ್ನನ್ನೇ ಆರಿಸಿಕೊಳ್ಳುತ್ತೇನೆ. ಪಾದವನ್ನು ಎಷ್ಟು ಒತ್ತಿದೆನೋ ಅಷ್ಟೇ ಎಳೆತ, ಒತ್ತಿದ ಗಳಿಗೆಯಲ್ಲೇ. ಟರ್ಬೊದಲ್ಲಿ ಹೊಗೆಯ ಹರಿವು ಟರ್ಬೈನನ್ನು ತಿರುಗಿಸಿ ಒತ್ತಡ ಕಟ್ಟುವವರೆಗೆ ಒಂದು ಕ್ಷಣದ ಮೌನವಿದ್ದು, ಆಮೇಲೆ ಶಕ್ತಿ ಒಮ್ಮೆಲೇ ನುಗ್ಗುತ್ತದೆ. ಚತುಷ್ಪಥದಲ್ಲಿ ಇದು ಗಮನಕ್ಕೂ ಬಾರದು. ಜುಲೈ ತಿಂಗಳ ಕೆಸರಿನಲ್ಲಿ, ಎಲೆ ಕೊಳೆತು ಜಾರುವ ಏರು ತಿರುವಿನಲ್ಲಿ, ಮುಂದಿನ ಚಕ್ರಗಳು ಹಿಡಿತ ಬಿಡುವ ಅಂಚಿನಲ್ಲಿರುವಾಗ ಮಾತ್ರ ಆ ತಡವಾದ ನುಗ್ಗು ಬೇಡವೆನಿಸುತ್ತದೆ.

ಇಳಿಜಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಗಾಳಿಯ ಲೆಕ್ಕ ಅಲ್ಲಿ ಸುರಕ್ಷತೆಯ ಲೆಕ್ಕವೂ ಆಗುತ್ತದೆ. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತದೆ. ಪಿಸ್ಟನ್‌ಗಳು ಇಳಿಯುತ್ತಲೇ ಇರುವುದರಿಂದ ಮ್ಯಾನಿಫೋಲ್ಡಿನಲ್ಲಿ ಒತ್ತಡ ವಾಯುಮಂಡಲದ ಮೂರನೇ ಒಂದು ಭಾಗದ ಆಸುಪಾಸಿಗೆ ಬೀಳುತ್ತದೆ, ಆ ಎಳೆತವೂ ಎಂಜಿನ್ನಿನ ಒಳಘರ್ಷಣೆಯೂ ಸೇರಿ ಕಾರನ್ನು ತಡೆಹಿಡಿಯುತ್ತವೆ. ಸಂಪಾಜೆಗೆ ಇಳಿಯುವಾಗ ಎರಡನೇ ಗೇರಿನಲ್ಲಿ ಬ್ರೇಕನ್ನು ಅಲ್ಲಲ್ಲಿ ಮುಟ್ಟಿದರೆ ಸಾಕಾಗುತ್ತದೆ. ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದೂ ಇದೇ ನಿರ್ವಾತದ ಬಲದಿಂದ. ಪೆಟ್ರೋಲ್ ಉಳಿಸುವ ಆಸೆಯಿಂದ ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್ ಮಾಡಿ ಘಾಟಿ ಇಳಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಕೆಲವರಿಗಿದೆ. ಎಂಜಿನ್ ಆರಿದರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಉಳಿತಾಯದ ಲೆಕ್ಕವೂ ತಪ್ಪು: ಗೇರಿನಲ್ಲಿ ಥ್ರಾಟಲ್ ಮುಚ್ಚಿ ಇಳಿಯುವಾಗ ಈಗಿನ ಎಂಜಿನ್‌ಗಳ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೇ ನಿಲ್ಲಿಸಿಬಿಡುತ್ತದೆ, ನ್ಯೂಟ್ರಲಿನಲ್ಲಾದರೆ ಐಡಲ್ ನಡೆಯಲು ಪೆಟ್ರೋಲ್ ಉರಿಯುತ್ತಲೇ ಇರುತ್ತದೆ.

ಮೈಲೇಜ್ ಸದ್ಯಕ್ಕೆ ಲೀಟರಿಗೆ 15ರ ಸುತ್ತಮುತ್ತ ಇದೆ. ಮೈಸೂರು ಹೆದ್ದಾರಿಯಲ್ಲಿ ಇನ್ನೂ ಮೇಲೆ ಹೋಗುತ್ತದೆ. ತೆಳು ಗಾಳಿ ಮೈಲೇಜನ್ನು ತಿನ್ನುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಆಗ ಗಾಳಿ ತೆಳುವಾದಷ್ಟು ಪೆಟ್ರೋಲ್ ತಗ್ಗುತ್ತಿರಲಿಲ್ಲ, ಮಿಶ್ರಣ ದಪ್ಪಗಾಗಿ ಕಪ್ಪು ಹೊಗೆ ಬರುತ್ತಿತ್ತು. ಈಗ ಒತ್ತಡ ಅಳೆಯುವ ಸೆನ್ಸರ್ ಮತ್ತು ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಸೇರಿ ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಎಂಬ ಪ್ರಮಾಣವನ್ನು ಕಾಯ್ದುಕೊಳ್ಳುತ್ತವೆ. ಸಾಧಾರಣ ವೇಗದಲ್ಲಿ ಅದೇ ಎಳೆತಕ್ಕೆ ಥ್ರಾಟಲನ್ನು ಇಲ್ಲಿ ತುಸು ಹೆಚ್ಚು ತೆರೆಯಬೇಕಾಗುವುದರಿಂದ ಗಾಳಿ ಎಳೆಯುವ ಶ್ರಮ ಸ್ವಲ್ಪ ಕಡಿಮೆಯೇ ಆಗುತ್ತದೆ. ನಮ್ಮ ಮೈಲೇಜನ್ನು ಇಳಿಸುವುದು ಎತ್ತರವಲ್ಲ, ಏರು ಮತ್ತು ತಿರುವು.

ಏರ್ ಫಿಲ್ಟರಿನ ಬಗ್ಗೆ. ಮಡಿಕೇರಿಯ ಎತ್ತರದಲ್ಲಿ ಒಂದು ಲೀಟರ್ ಪೆಟ್ರೋಲ್ ಉರಿಯಬೇಕಾದರೆ 10,000 ಲೀಟರಿಗೂ ಹೆಚ್ಚು ಗಾಳಿ ಫಿಲ್ಟರನ್ನು ಹಾದುಹೋಗಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪಿಕಪ್ ಮತ್ತು ಟ್ರ್ಯಾಕ್ಟರುಗಳ ಹಿಂದೆ ತೋಟದ ರಸ್ತೆಯಲ್ಲಿ ಹೋದರೆ ಆ ಗಾಳಿಯಲ್ಲಿ ಎಷ್ಟು ಧೂಳಿರುತ್ತದೆಂದು ಹೇಳಬೇಕಾಗಿಲ್ಲ. ಸರ್ವಿಸ್ ಪುಸ್ತಕದ ಅವಧಿಗೆ ಕಾಯದೆ ಏಪ್ರಿಲಿನಲ್ಲೊಮ್ಮೆ ಬದಲಿಸುತ್ತೇನೆ. ಇಲ್ಲೊಂದು ಸೂಕ್ಷ್ಮವಿದೆ: ಫಿಲ್ಟರ್ ಕಟ್ಟಿಕೊಂಡರೂ ಸಮತಟ್ಟಿನ ನಿಧಾನ ಓಟದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಅರ್ಧ ಮುಚ್ಚಿದ ಥ್ರಾಟಲೇ ಫಿಲ್ಟರಿಗಿಂತ ದೊಡ್ಡ ಅಡ್ಡಿ. ಥ್ರಾಟಲ್ ಪೂರ್ತಿ ತೆರೆಯಬೇಕಾದ ಏರಿನಲ್ಲಿ ಮಾತ್ರ ಕೊರತೆ ಎದ್ದು ಕಾಣುತ್ತದೆ. ಹಾಗಾಗಿ ಬಯಲು ಸೀಮೆಯವರಿಗಿಂತ ನಮಗೆ ಫಿಲ್ಟರ್ ಹೆಚ್ಚು ಮುಖ್ಯ.

ಪಿಕಪ್ ಹೆಚ್ಚಿಸಲು ಕೋನ್ ಆಕಾರದ ತೆರೆದ ಫಿಲ್ಟರ್ ಹಾಕಿಸುವಂತೆ ಸಲಹೆ ಕೊಟ್ಟವರಿದ್ದಾರೆ. ಹಾಕಿಸಲಿಲ್ಲ. ಅದು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಬಿಸಿಯಾದಷ್ಟೂ ಗಾಳಿ ತೆಳು. ಮುಂಬದಿಯಲ್ಲಿ ಬಾಯಿ ತೆರೆದ ಕೊಳವೆ ಇಟ್ಟರೆ ಓಟದ ಗಾಳಿ ತಾನಾಗಿ ಒಳನುಗ್ಗುತ್ತದೆ ಎಂಬ ವಾದವೂ ಇದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲೂ ಆ ನೂಕಿನ ಒತ್ತಡ ವಾಯುಮಂಡಲದ ಅರ್ಧ ಶೇಕಡಾ ಮೀರುವುದಿಲ್ಲ, ಘಾಟಿಯ 40ರಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಮಳೆಗಾಲದಲ್ಲಿ, ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ ಎಂಬುದನ್ನು ಮಾಲೀಕರು ಒಮ್ಮೆ ಬಾನೆಟ್ ಎತ್ತಿ ನೋಡಿಟ್ಟುಕೊಳ್ಳಬೇಕು. ಭಾಗಮಂಡಲ, ನಾಪೋಕ್ಲು ಕಡೆ ಕಾವೇರಿ ರಸ್ತೆಗೆ ಬಂದಾಗ ಚಕ್ರದ ಅರ್ಧದಷ್ಟು ನೀರನ್ನು ದಾಟಿಬಿಡಬಹುದೆಂದು ಅನಿಸುತ್ತದೆ. ನನ್ನ ಕಾರಿನಲ್ಲಿ ಆ ಬಾಯಿ ಹೆಡ್‌ಲೈಟಿನ ಮಟ್ಟದಲ್ಲಿದೆ, ಮುಂದಿನ ವಾಹನ ಎಬ್ಬಿಸಿದ ಅಲೆಗೆ ಅದು ಎತ್ತರವೇನಲ್ಲ. ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಅದುಮುವ ಪಿಸ್ಟನ್ ನೀರನ್ನು ಅದುಮಲಾರದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬಾರದು.

ಇದುವರೆಗಿನ ನಿರ್ವಹಣೆಯಲ್ಲಿ ಬರೆಯುವಂಥದ್ದು ಕಡಿಮೆ. ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್, ಅವಧಿಗೆ ಸರಿಯಾಗಿ ಸ್ಪಾರ್ಕ್ ಪ್ಲಗ್, ಒಮ್ಮೆ ಥ್ರಾಟಲ್ ಬಾಡಿಯ ಶುಚಿ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸಬಹುದು, ಕಾದ ಟರ್ಬೈನ್ ತಣಿಯಲೆಂದು ಕಾಯುವ ಅಗತ್ಯವಿಲ್ಲ. ಇಂಜೆಕ್ಟರುಗಳು ಮ್ಯಾನಿಫೋಲ್ಡಿನ ಕೊಳವೆಯಲ್ಲೇ ಇರುವುದರಿಂದ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುತ್ತಲೂ ಇರುತ್ತದೆ.

ಮುಂದಿನ ಕಾರು ಕೊಳ್ಳುವಾಗ ಸ್ಟ್ರಾಂಗ್ ಹೈಬ್ರಿಡ್ಡುಗಳನ್ನು (ಪೆಟ್ರೋಲ್ ಎಂಜಿನ್ನಿನ ಜೊತೆ ಕಾರನ್ನು ಓಡಿಸಬಲ್ಲ ವಿದ್ಯುತ್ ಮೋಟರ್ ಇರುವ ಕಾರುಗಳನ್ನು) ಓಡಿಸಿ ನೋಡಬೇಕೆಂದಿದ್ದೇನೆ. ನಮ್ಮಲ್ಲಿ ಸಿಗುವ ಟೊಯೋಟಾ ಮತ್ತು ಹೋಂಡಾದ 1.5 ಲೀಟರ್ ಹೈಬ್ರಿಡ್‌ಗಳ ಎಂಜಿನ್ನಿಗೂ ಟರ್ಬೊ ಇಲ್ಲ. ಅವು ಇನ್‌ಟೇಕ್ ವಾಲ್ವನ್ನು ಇನ್ನೂ ತಡವಾಗಿ ಮುಚ್ಚಿ, ಒಳಬಂದ ಗಾಳಿಯಲ್ಲಿ ಒಂದಿಷ್ಟನ್ನು ಬೇಕೆಂದೇ ಹಿಂದಕ್ಕೆ ಕಳಿಸಿ, ಇಂಧನ ಉಳಿಸುತ್ತವೆ; ಅದರಿಂದ ಕಳೆದುಹೋಗುವ ಕೆಳಸುತ್ತಿನ ಎಳೆತವನ್ನು ವಿದ್ಯುತ್ ಮೋಟರ್ ತುಂಬುತ್ತದೆ, ಆ ಮೋಟರಿಗೆ ಎತ್ತರದ ಹಂಗಿಲ್ಲ. ಸಂಪಾಜೆಯ ಇಳಿಜಾರಿನಲ್ಲಿ ಬ್ಯಾಟರಿ ಅರ್ಧ ದಾರಿಗೇ ತುಂಬಿದ ಮೇಲೆ ಎಂಜಿನ್ ಬ್ರೇಕಿಂಗ್ ಹೇಗಿರುತ್ತದೆ, ಏರಿನಲ್ಲಿ ಬ್ಯಾಟರಿ ಬರಿದಾದ ಮೇಲೆ ಎಳೆತ ಎಷ್ಟು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನಿಟ್ಟುಕೊಂಡೇ ಟೆಸ್ಟ್ ಡ್ರೈವ್ ಕೇಳುತ್ತೇನೆ, ಅದೂ ಶೋರೂಮಿನ ಸುತ್ತ ಅಲ್ಲ, ಕೊಯಿನಾಡಿನಿಂದ ಮೇಲಕ್ಕೆ.