ಅಡಾ ಆ್ಯಪ್: ಪ್ರಶ್ನೆ ಕೇಳುವುದು ಗೊತ್ತು, 'ಗ್ಯಾಸ್' ಗೊತ್ತಿಲ್ಲ

ರೋಗಲಕ್ಷಣ ಕೇಳಿ ಕಾಯಿಲೆ ಅಂದಾಜಿಸುವ ಆ್ಯಪ್‌ಗಳಲ್ಲಿ ಬರ್ಲಿನ್‌ನ ಅಡಾ ಬಳಸಲು ಸಲೀಸು. ಕಾರಣ, ಒಂದು ಪರದೆಗೆ ಒಂದೇ ಪ್ರಶ್ನೆ. ಮೊದಲು ತೊಂದರೆ ಯಾರಿಗೆ ಎಂದು ಕೇಳುತ್ತದೆ; ಆಮೇಲೆ ಬಿಪಿ, ಶುಗರ್, ಸಿಗರೇಟು; ಬಳಿಕ ಲಕ್ಷಣ. ಹೌದು, ಇಲ್ಲ ಜೊತೆಗೆ 'ಗೊತ್ತಿಲ್ಲ' ಎಂಬ ಗುಂಡಿಯೂ ಇದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಅದಿಲ್ಲದಿದ್ದರೆ ಜನ ಸುಮ್ಮನೆ 'ಹೌದು' ಒತ್ತಿ ಮುಂದೆ ಹೋಗುತ್ತಾರೆ, ಲೆಕ್ಕವೆಲ್ಲ ದಿಕ್ಕು ತಪ್ಪುತ್ತದೆ.

ಫಲಿತಾಂಶವನ್ನು ಶೇಕಡಾವಾರು ಹೇಳದೆ, ಇಂಥ ಲಕ್ಷಣವಿರುವ 10 ಜನರಲ್ಲಿ ಇಷ್ಟು ಮಂದಿಗೆ ಈ ಕಾಯಿಲೆ ಎನ್ನುತ್ತದೆ. ತಟ್ಟನೆ ಅರ್ಥವಾಗುತ್ತದೆ.

ಎಡವುವುದು ಭಾಷೆಯಲ್ಲಿ. ಆಫ್ರಿಕಾದ ಸ್ವಾಹಿಲಿ ಇದೆ, ಕನ್ನಡವಿಲ್ಲ. ಬರೀ ಅನುವಾದ ಮಾಡಿದರೂ ಸಾಲದು. ನಮ್ಮಲ್ಲಿ "ಎದೇಲಿ ಗ್ಯಾಸ್ ಹಿಡ್ಕೊಂಡಿದೆ" ಅನ್ನುವವರಿಗೆ ಬರೀ ಅಸಿಡಿಟಿ ಇರಬಹುದು, ಹೃದಯಾಘಾತವೂ ಆಗಿರಬಹುದು. ಇಂಗ್ಲಿಷಿನ ಗ್ಯಾಸ್ ಎಂದರೆ ಹೊಟ್ಟೆಯ ವಾಯು ಮಾತ್ರ. ಕನ್ನಡದ ಆ್ಯಪ್ ಆ ಪದ ಕಂಡೊಡನೆ ಮೂರು ಪ್ರಶ್ನೆ ಕೇಳಬೇಕು: ಎದೆ ಒತ್ತಿದಂತಿದೆಯೇ, ನೋವು ಎಡಗೈಗೋ ದವಡೆಗೋ ಹರಡುತ್ತಿದೆಯೇ, ತಣ್ಣನೆ ಬೆವರು ಬರುತ್ತಿದೆಯೇ. ಒಂದಕ್ಕೆ ಹೌದು ಎಂದರೂ ಪ್ರಶ್ನಾವಳಿ ಅಲ್ಲಿಗೇ ನಿಂತು, ಪರದೆ ತುಂಬ 108ರ ಗುಂಡಿ ಬರಬೇಕು. 'ತಲೆ ಸುತ್ತು' ಕೂಡ ಹೀಗೆಯೇ: ಕೋಣೆ ತಿರುಗುತ್ತಿದೆಯೋ, ಕಣ್ಣು ಕತ್ತಲೆ ಬರುತ್ತಿದೆಯೋ, ಬಿಡಿಸಿ ಕೇಳಲೇಬೇಕು.

ಇಂಗ್ಲಿಷ್ ಓದುವವರು ಅಡಾ ಬಳಸಬಹುದು. ವರದಿ ಉಳಿಸಿಕೊಂಡು ಡಾಕ್ಟರಿಗೆ ತೋರಿಸಿ. ಅದನ್ನು ನೋಡಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳಬೇಡಿ.