ಬೇಸಿನ್ ಸೋರಿದರೆ ಎಂ-ಸೀಲ್ ಮೆತ್ತಿಸಬೇಡಿ

ವಾಷ್ ಬೇಸಿನ್ ಕೆಳಗೆ ನೀರು ತೊಟ್ಟಿಕ್ಕುತ್ತಿದೆ ಎಂದು ಪ್ಲಂಬರ್‌ನನ್ನು ಕರೆಸಿದಾಗ, ಅವನು ಏನನ್ನೂ ಬಿಚ್ಚಿ ನೋಡದೆ ಚೀಲದಿಂದ ಎಂ-ಸೀಲ್ (ಕಲಸಿ ಮೆತ್ತಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ತೆಗೆದರೆ ಅಲ್ಲೇ ತಡೆಯಿರಿ. ಮೈಸೂರಿನ ನಮ್ಮ ಮನೆಯಲ್ಲಿ ಹೀಗೇ ಆಗಿ, ಒಂದು ವೇಸ್ಟ್ ಕಪ್ಲಿಂಗ್ (ಬೇಸಿನ್ನಿನ ತೂತಿನಲ್ಲಿ ಕೂರಿಸಿ ಕೆಳಗಿನ ಪೈಪಿಗೆ ಜೋಡಿಸುವ ತುಂಡು) ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಬೇಸಿನ್ನನ್ನೇ ಕಿತ್ತು ಹಾಕಬೇಕಾಯಿತು.

ಬಂದವನು ಬಗ್ಗಿ ನೋಡಿ, "ಸಣ್ಣ ಲೀಕು ಅಮ್ಮಾ, ಈಗಲೇ ನಿಲ್ಸಿಬಿಡ್ತೀನಿ" ಎಂದ. ಬೇಸಿನ್ ತಳಕ್ಕೂ ವೇಸ್ಟ್ ಕಪ್ಲಿಂಗ್‌ನ ನಟ್ಟಿಗೂ ಸೇರಿಸಿ ಸುತ್ತ ಎಂ-ಸೀಲ್ ಮೆತ್ತಿದ, ಅದರ ಮೇಲೆ ವೈಟ್ ಸಿಮೆಂಟ್ ಬಳಿದು ದುಡ್ಡು ತಗೊಂಡು ಹೋದ. ಹನಿ ಬೀಳುವುದು ನಿಂತಿತು. ಆದರೆ ನೀರು ಬೇಸಿನ್ನಿನ ಅಡಿಗೆ ಅಂಟಿಕೊಂಡೇ ಹಿಂದಕ್ಕೆ ಹರಿದು, ಗೋಡೆ ಹಿಡಿದು ಇಳಿಯತೊಡಗಿತ್ತು. ಕೆಳಗಿನ ಕಪಾಟಿನ ಪ್ಲೈವುಡ್ ಉಬ್ಬಿ ಪದರ ಬಿಟ್ಟುಕೊಂಡಿತು. ಕೆಳಗಿನ ಮನೆಯವರು "ನಮ್ಮ ಬಾತ್‌ರೂಮ್ ಸೀಲಿಂಗ್ ತೇವ ಹಿಡಿದಿದೆ, ಒಂದ್ಸಲ ಬಂದು ನೋಡಿ" ಎಂದು ಕರೆದಾಗಲೇ ಗೊತ್ತಾದದ್ದು.

ಎಂ-ಸೀಲ್ ಕೆಟ್ಟ ವಸ್ತುವಲ್ಲ, ಅದರ ಜಾಗ ಇದಲ್ಲ. ಸೋಪಿನ ಜಿಡ್ಡು ಹಿಡಿದ ನುಣುಪು ಪಿಂಗಾಣಿಗೆ ಅದು ಗಟ್ಟಿಯಾಗಿ ಕಚ್ಚುವುದಿಲ್ಲ. ಕಪ್ಲಿಂಗ್‌ನ ಹಿತ್ತಾಳೆಯ ಥ್ರೆಡ್ಡಿಗೆ, ಅಂದರೆ ನಟ್ಟು ತಿರುಗುವ ಸುತ್ತುಗೆರೆಗೆ, ಮಾತ್ರ ಬಿಡಿಸಲಾಗದಷ್ಟು ಕಚ್ಚಿಕೊಳ್ಳುತ್ತದೆ. ಸೋರಿಕೆಯೂ ನಿಲ್ಲದು, ಮುಂದೆ ರಿಪೇರಿಗೆ ನಟ್ಟೂ ಬಿಚ್ಚದು. ಎರಡನೆಯ ಸಲ ಬಂದ ಹಿರಿಯ ಪ್ಲಂಬರ್ ಪೈಪ್ ರೆಂಚ್ ಹಾಕಿ ತಿರುಗಿಸಿದರು, ಅಲುಗಲಿಲ್ಲ. ಆಕ್ಸಾ ಬ್ಲೇಡಿನಿಂದ ಕುಯ್ಯುವಾಗ ತೂತಿನ ಅಂಚಿನಿಂದ ಬೇಸಿನ್ನಿಗೆ ಬಿರುಕು ಬಿಟ್ಟಿತು. ಅವರು ಎಷ್ಟು ಜೋಪಾನವಾಗಿ ಮಾಡಿದರೆಂದು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಅವರನ್ನು ದೂರುವಂತಿಲ್ಲ.

ಕುಯ್ದು ತೆಗೆದ ತುಂಡನ್ನು ಕೈಯಲ್ಲಿ ಹಿಡಿದು ಅವರು ತೋರಿಸಿದ ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ವೇಸ್ಟ್ ಕಪ್ಲಿಂಗ್ ಸಾಮಾನ್ಯವಾಗಿ 32 ಎಂಎಂ, ಅಂದರೆ ಒಂದೂಕಾಲು ಇಂಚಿನದು. ಅದರಲ್ಲಿ ಫುಲ್ ಥ್ರೆಡ್, ಹಾಫ್ ಥ್ರೆಡ್ ಎಂದು ಎರಡು ಬಗೆ. ಬೇಸಿನ್ನಿನ ಮೇಲ್ಭಾಗದಲ್ಲಿ ಹೆಚ್ಚಾದ ನೀರು ಹೋಗುವ ಸಣ್ಣ ತೂತು ಇದ್ದರೆ, ಆ ನೀರು ಪಿಂಗಾಣಿಯ ಒಳದಾರಿಯಲ್ಲಿ ಇಳಿದು ಕಪ್ಲಿಂಗ್‌ನ ಸುತ್ತಲಿನ ಸಂದಿಗೆ ಬರುತ್ತದೆ. ಹಾಫ್ ಥ್ರೆಡ್ಡಿನದಕ್ಕೆ ಪಕ್ಕದಲ್ಲಿ ಕಿಂಡಿ ಇರುತ್ತದೆ, ನೀರು ಅದರಿಂದ ಪೈಪಿಗೆ ಸೇರುತ್ತದೆ. ನಮ್ಮದರಲ್ಲಿ ಆ ತೂತು ಇತ್ತು, ಹಾಕಿದ್ದದ್ದು ಮಾತ್ರ ಕಿಂಡಿಯೇ ಇಲ್ಲದ ಫುಲ್ ಥ್ರೆಡ್. ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ಸಂದಿಯಲ್ಲಿ ನಿಂತು ಅಡಿಯ ರಬ್ಬರ್ ವಾಷರ್‌ನ ಪಕ್ಕದಿಂದ ಜಿನುಗುತ್ತಿತ್ತು. ತೂತಿಲ್ಲದ ಬೇಸಿನ್ನಿಗೆ ಫುಲ್ ಥ್ರೆಡ್ಡೇ ಸರಿ. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೇಸಿನ್ನಿನ ಫೋಟೋ ತೆಗೆದುಕೊಂಡು ಹೋಗಿ.

ಎಲ್ಲಿ ಸೋರುತ್ತಿದೆ ಎಂಬುದನ್ನು ಪ್ಲಂಬರ್ ಬರುವ ಮೊದಲೇ ಮನೆಯಲ್ಲಿ ಪತ್ತೆ ಮಾಡಬಹುದು. ಕೆಳಗಿನದನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಬೇಸಿನ್ನಿನ ಬಾಯಿ ಮುಚ್ಚಿ ಅರ್ಧ ನೀರು ತುಂಬಿಸಿ, ಟಿಶ್ಯೂ ಪೇಪರ್ ಒತ್ತಿ ನೋಡಿ. ನಿಂತ ನೀರಿಗೇ ಕಪ್ಲಿಂಗ್‌ನ ಬುಡ ಒದ್ದೆಯಾದರೆ ಮೇಲಿನ ಅಂಚಿನ ಸೀಲು ಹೋಗಿದೆ. ಬಾಯಿ ತೆರೆದು ನೀರು ಬಿಟ್ಟಾಗ ಮಾತ್ರ ಕೆಳಗಿನ ಜಾಯಿಂಟುಗಳು ಒದ್ದೆಯಾದರೆ ಬಾಟಲ್ ಟ್ರ್ಯಾಪ್ (ಕಪ್ಲಿಂಗ್ ಕೆಳಗಿನ ಬಾಟಲಿಯಂಥ ಭಾಗ) ಅಥವಾ ವೇಸ್ಟ್ ಪೈಪಿನ ವಾಷರ್ ನೋಡಬೇಕು. ಕೊನೆಗೆ ಮೇಲಿನ ತೂತಿನಲ್ಲಿ ನೀರು ಇಳಿಯುವವರೆಗೆ ತುಂಬಿಸಿ. ಆಗ ಮಾತ್ರ ಬುಡ ಒದ್ದೆಯಾದರೆ ಸೋರುತ್ತಿರುವುದು ಆ ತೂತಿನಿಂದ ಇಳಿದ ನೀರು. ನಮ್ಮಲ್ಲಿ ಮೊದಲು ಬಂದವನು ಈ ಪರೀಕ್ಷೆ ಮಾಡಿದ್ದರೆ ಕಾರಣ ಆಗಲೇ ಸಿಗುತ್ತಿತ್ತು. ಬೇಸಿನ್ ಬಳಸದಿದ್ದರೂ ಹನಿ ಬೀಳುತ್ತಲೇ ಇದ್ದರೆ ಅದು ವೇಸ್ಟಿನ ನೀರಲ್ಲ, ಆ್ಯಂಗಲ್ ಕಾಕ್ (ಗೋಡೆಯಲ್ಲಿ ನೀರು ನಿಲ್ಲಿಸುವ ಸಣ್ಣ ಕಾಕ್) ಅಥವಾ ನಲ್ಲಿಗೆ ಹೋಗುವ ಕನೆಕ್ಷನ್ ಪೈಪಿನದು. ಕೂಡಲೇ ಕಾಕ್ ತಿರುಗಿಸಿ ನಿಲ್ಲಿಸಿ.

ಹೊಸದನ್ನು ಕೂರಿಸುವಾಗ ಹಳೆಯ ವಾಷರನ್ನೇ ಮತ್ತೆ ಹಾಕಲು ಬಿಡಬೇಡಿ. ನಟ್ಟನ್ನು ಶಕ್ತಿ ಹಾಕಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ವೇಸ್ಟ್ ಪೈಪಿನ ಪ್ಲಾಸ್ಟಿಕ್ ನಟ್ಟಿಗಂತೂ ಕೈಬಿಗಿ ಸಾಕು, ಅಲ್ಲಿ ನೀರು ತಡೆಯುವುದು ವಾಷರ್, ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ. ಪ್ಲಂಬರ್ ಇನ್ನೂ ಇರುವಾಗಲೇ ಮೇಲಿನ ತೂತಿನವರೆಗೆ ನೀರು ತುಂಬಿಸಿ ಒಮ್ಮೆಲೇ ಬಿಡಿ. ಟಿಶ್ಯೂ ಒಣಗಿದ್ದರೆ ಮಾತ್ರ ದುಡ್ಡು ಕೊಡಿ.