ಅಂಗಡಿಗೆ ಅಂತ ಮೈಕ್ರೋಫೈನಾನ್ಸ್ ಸಾಲ ತಗೊಳ್ಳೋ ಮುಂಚೆ ಇದನ್ನು ಓದಿ

ಮಂಡ್ಯದಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನನ್ನದು. ಮೋಟರ್ ಮಿಷನ್‌ಗೆ, ಲೈನಿಂಗ್ ಬಟ್ಟೆಗೆ ಅಂತ ಮೈಕ್ರೋಫೈನಾನ್ಸ್‌ನವರ ಹತ್ತಿರ 50,000 ಸಾಲ ತಗೊಂಡೆ. ಕಂಪನಿ ಹೆಸರು ಕೇಳಬೇಡಿ, ಬರೆಯುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ.

"ವರ್ಷಕ್ಕೆ 12 ಪರ್ಸೆಂಟ್ ಅಷ್ಟೇ ಅಕ್ಕ" ಅಂದ ಸಾಲ ಕೊಡಲು ಬಂದ ಹುಡುಗ. ಅದು ಫ್ಲಾಟ್ ಬಡ್ಡಿ. ವಾರ ವಾರ ಅಸಲು ತೀರುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆಯೇ, ಎರಡು ವರ್ಷಕ್ಕೆ 12,000. ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಅದು 21 ಪರ್ಸೆಂಟ್ ದಾಟುತ್ತದೆ! ಸಾಲದ್ದಕ್ಕೆ ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್ ಅಂತ ಮುರಿದುಕೊಂಡೇ ಕೊಟ್ಟರು. ಸಹಿ ಹಾಕುವ ಮುಂಚೆ ಬಡ್ಡಿ, ಫೀಸು ಎಲ್ಲ ಬರೆದಿರುವ ಫ್ಯಾಕ್ಟ್ ಶೀಟ್ ಕೇಳಿ, ನಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಅದರಲ್ಲಿ ಎಪಿಆರ್ ಅಂತ ಇರುವುದೇ ನಿಜವಾದ ಬಡ್ಡಿ.

ಆದರೆ ನನ್ನನ್ನು ಹಿಂಡಿದ್ದು ಬಡ್ಡಿಗಿಂತ ವಾರದ ಕಂತು. ನಮ್ಮ ಕಸುಬಿನಲ್ಲಿ ದುಡ್ಡು ಕಾಣುವುದು ಯುಗಾದಿ, ವರಮಹಾಲಕ್ಷ್ಮಿ, ಮದುವೆ ಸೀಸನ್‌ನಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಆರ್ಡರೂ ಇಲ್ಲ. ಕಬ್ಬಿನ ದುಡ್ಡು ತಡವಾದರಂತೂ ಹೊಲಿದಿಟ್ಟ ಬ್ಲೌಸ್ ತಗೊಂಡು ಹೋಗಲೂ ಯಾರೂ ಬರುವುದಿಲ್ಲ. ಕಂತಿಗೆ ಆಷಾಢ ಗೊತ್ತಾ? ಸಾಲ ಕೈಗೆ ಬಂದ ಮುಂದಿನ ವಾರದಿಂದಲೇ ಶುರು. ದಾರ, ಲೈನಿಂಗ್ ತರಲು ಇಟ್ಟಿದ್ದ ದುಡ್ಡೇ ಕಂತಿಗೆ ಹೋಯಿತು, ಆಮೇಲೆ ಹಬ್ಬದ ಆರ್ಡರ್ ಬಂದಾಗ ಮಾಲು ತರಲು ಕೈಯಲ್ಲಿ ಕಾಸಿಲ್ಲ, ಬಂದ ಆರ್ಡರನ್ನೇ ವಾಪಸ್ ಕಳಿಸಿದೆ.

ಇಷ್ಟರಲ್ಲಿ ನನ್ನ ಜೊತೆ ಸಾಲ ತಗೊಂಡ ಗುಂಪಿನ ಒಬ್ಬರು ಊರು ಬಿಟ್ಟರು. ಅವರ ಕಂತನ್ನೂ ನಾವೇ ಹಾಕಬೇಕಂತೆ. ಗಿರಾಕಿ ಅಳತೆ ಕೊಡುತ್ತಾ ನಿಂತಿದ್ದಾಗಲೇ ಕಂತು ವಸೂಲಿಯವರು ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಜೋರಾಗಿ ಕೂಗಿದರು. ಆ ಗಿರಾಕಿ ಮತ್ತೆ ಈ ಕಡೆ ಬಂದಿಲ್ಲ. "ಇನ್ನೊಂದು ಕಡೆ ಸಾಲ ತೆಗೆದು ಇದನ್ನು ಕಟ್ಟಿಬಿಡಿ, ನಾನೇ ಮಾಡಿಸಿಕೊಡ್ತೀನಿ" ಅನ್ನುವ ಉಪಕಾರ ಬೇರೆ. ಆ ಮಾತಿಗೆ ಮಾತ್ರ ಒಪ್ಪಬೇಡಿ. ನಮ್ಮ ಬೀದಿಯಲ್ಲಿ ಒಪ್ಪಿದ ಅಕ್ಕ ಈಗ ಮಿಷನ್ ಮಾರಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾರೆ.

ಆರ್‌ಬಿಐ 2022ರಲ್ಲಿ ತಂದ ನಿಯಮದಲ್ಲಿ ಇದೆಲ್ಲ ಬರೆದಿದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಕಂತು ಕಟ್ಟಲು ಗೊತ್ತು ಮಾಡಿದ ಜಾಗಕ್ಕೆ ಸತತ ಎರಡು ಸಲ ನಾವು ಹೋಗದಿದ್ದರೆ ಮಾತ್ರ ಮನೆಗೋ ಅಂಗಡಿಗೋ ಬರಬಹುದು. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಆರ್‌ಬಿಐ ನೋಂದಣಿ ಇಲ್ಲದವರು ಕಿರುಕುಳ ಕೊಟ್ಟರೆ ರಾಜ್ಯ ಸರ್ಕಾರದ 2025ರ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಇದನ್ನು ಹೇಳಿ ಪೊಲೀಸ್ ಸ್ಟೇಷನ್‌ಗೆ ಹೋಗುತ್ತೇನೆ ಅಂದ ಮೇಲೆ ನಮ್ಮ ಕಡೆ ಕೂಗಾಟ ನಿಂತಿತು. ಆರ್‌ಬಿಐಗೆ ದೂರು ಕೊಡುವುದು ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ.

ಬ್ಯಾಂಕಿನವರು ನಮ್ಮಂಥವರನ್ನು ಕೂರಿಸಿ ಮಾತಾಡಿಸಿದ್ದರೆ ಇವರ ಹತ್ತಿರ ಯಾರು ಹೋಗುತ್ತಿದ್ದರು, ಅಲ್ವಾ? ಆದರೂ ಮೊದಲು ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ, ಹೆಂಗಸರ ಸಂಘಗಳೆಲ್ಲ ಸೇರಿದ ಸಂಜೀವಿನಿ ಒಕ್ಕೂಟದಲ್ಲಿ ಕೇಳಿ ನೋಡಿ. ಆಗಲೇ ತಗೊಂಡಿದ್ದರೆ ಹಬ್ಬದ ದುಡ್ಡು ಬಂದಾಗ ಅವಧಿಗೆ ಮುಂಚೆಯೇ ಕಟ್ಟಿ ಮುಗಿಸಿ, ಅದಕ್ಕೆ ದಂಡ ಹಾಕುವಂತಿಲ್ಲ. ಸಾಲ ತೀರಿದೆ ಅಂತ ಲೋನ್ ಕಾರ್ಡಿನಲ್ಲಿ ಬರೆಸಿಕೊಳ್ಳದೆ ಮಾತ್ರ ಏಳಬೇಡಿ.